ವರ್ಣನೆ ಸಾಕು, ದಿಕ್ಕು ಹೇಳಿ

"ನಿಮಗೆ ಕಣ್ಣು ಕಾಣಿಸಲ್ಲ, ಮತ್ತೆ ಸ್ಮಾರಕ ನೋಡೋಕೆ ಯಾಕೆ ಹೋಗ್ತೀರಿ?"

ಈ ಪ್ರಶ್ನೆಯನ್ನು ಯಾರೂ ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ. ಅವರಿಗೆ ನಿಜವಾಗಿಯೂ ಅರ್ಥವಾಗುವುದಿಲ್ಲ. ಅವರ ಮಟ್ಟಿಗೆ ಸ್ಮಾರಕ ಎಂದರೆ ಎದುರು ನಿಂತು ತೆಗೆಯುವ ಫೋಟೊ. ನಾನು ಹುಟ್ಟಿನಿಂದ ಅಂಧ. ನನಗೆ ಸ್ಮಾರಕ ಒಂದು ಜಾಗ. ಜಾಗ ಎಂದ ಮೇಲೆ ಬಾಗಿಲು, ಮೂಲೆ, ನೆಲ ಎಲ್ಲ ಇರುತ್ತದೆ. ಅದರೊಳಗೆ ನಾನೀಗ ಎಲ್ಲಿ ನಿಂತಿದ್ದೇನೆ ಎಂಬ ಪ್ರಶ್ನೆಯೂ ಇರುತ್ತದೆ. ಅದಕ್ಕೆ ಉತ್ತರ ಗೊತ್ತಿದ್ದರೆ ಆ ಕಟ್ಟಡ ನನಗೆ ಸಿಕ್ಕಿತು. ಗೊತ್ತಿಲ್ಲದಿದ್ದರೆ, ಪಕ್ಕದಲ್ಲಿ ಯಾರು ಎಷ್ಟೇ ಚೆನ್ನಾಗಿ ವರ್ಣಿಸಲಿ, ನಾನು ಅಲ್ಲಿಗೆ ಸುಮ್ನೆ ಹೋಗಿ ಬಂದೆ ಅಷ್ಟೇ.

ಹಾಗಾಗಿ ದಿಕ್ಕಿನ ವಿಷಯ ಮೊದಲು. ಅಂಧರಿಗೆ ಯಾವುದೋ ಆರನೇ ಇಂದ್ರಿಯ ಇದೆ ಎಂದು ನಂಬುವವರಿದ್ದಾರೆ. ಪಾಪ, ಮೆಚ್ಚುಗೆಯಿಂದಲೇ ಹೇಳುತ್ತಾರೆ. ಅಂಥದ್ದೇನೂ ಇಲ್ಲ. ಎಲ್ಲರ ಒಳಕಿವಿಯಲ್ಲೂ ಅರ್ಧವೃತ್ತಾಕಾರದ ಮೂರು ನಾಳಗಳಿವೆ. ತಲೆ ತಿರುಗಿಸಿದಾಗ ಅದರೊಳಗಿನ ದ್ರವ ಅಲುಗುತ್ತದೆ. ಎಷ್ಟು ತಿರುಗಿದೆವು ಎಂಬುದು ಮಿದುಳಿಗೆ ಅದರಿಂದ ತಿಳಿಯುತ್ತದೆ. ಎಷ್ಟು ದೂರ ಬಂದೆವು ಎಂಬುದನ್ನು ಕಾಲಿನ ಸ್ನಾಯು, ಕೀಲುಗಳು ಹೇಳುತ್ತವೆ. ಇವೆರಡನ್ನೂ ಕೂಡಿಸುತ್ತಾ ಹೋದರೆ ಹೊರಟ ಜಾಗ ಯಾವ ಕಡೆಗಿದೆ ಎಂಬ ಅಂದಾಜು ಸಿಗುತ್ತದೆ. 1993ರಲ್ಲಿ ಅಮೆರಿಕದ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಅಂಧರನ್ನೂ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರನ್ನೂ ತ್ರಿಕೋನದ ಎರಡು ಬದಿ ನಡೆಸಿ, ಇನ್ನು ನೀವೇ ಹೊರಟ ಜಾಗಕ್ಕೆ ವಾಪಸ್ ಹೋಗಿ ಎಂದು ಬಿಟ್ಟರು. ಎರಡೂ ಗುಂಪಿನವರು ಹೆಚ್ಚುಕಮ್ಮಿ ಒಂದೇ ರೀತಿ ತಪ್ಪು ಮಾಡಿದರು. ಆ ತಂಡದಲ್ಲಿದ್ದ ಭೂಗೋಳ ತಜ್ಞ ರೆಜಿನಾಲ್ಡ್ ಗಾಲೆಜ್ ಸ್ವತಃ ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರು.

ಕಣ್ಣಿದ್ದವರ ಕಥೆಯೂ ಅಂಥದ್ದೇ. 2009ರಲ್ಲಿ ಜರ್ಮನಿಯ ಸಂಶೋಧಕರು ಜನರನ್ನು ಒಂದು ಕಾಡಿನಲ್ಲೂ ಸಹಾರಾ ಮರುಭೂಮಿಯಲ್ಲೂ ನೇರವಾಗಿ ನಡೆಯಿರಿ ಎಂದು ಬಿಟ್ಟು ನೋಡಿದರು. ಸೂರ್ಯ ಕಾಣುವಾಗ ಜನ ನೇರ ನಡೆದರು. ಕಾಡಿನಲ್ಲಿ ಮೋಡ ಕವಿದಾಗ, ನೇರ ಹೋಗುತ್ತಿದ್ದೇವೆ ಎಂದುಕೊಂಡೇ ಸುತ್ತು ಹೊಡೆದರು. ಅಂದರೆ ಒಳಗಿನ ಅಂದಾಜು ಎಲ್ಲರದ್ದೂ ನಿಧಾನವಾಗಿ ಕೆಡುತ್ತದೆ. ಹೊರಗಿನ ಯಾವುದೋ ಒಂದು ಗುರುತು ಅದನ್ನು ಆಗಾಗ ಸರಿಪಡಿಸುತ್ತಿರಬೇಕು. ನಿಮಗೆ ಆ ಗುರುತು ದೂರದ ಗೋಪುರ. ನನಗೆ ಕೆನ್ನೆಯ ಮೇಲಿನ ಬಿಸಿಲು. ಬೆಳಗ್ಗೆ ಬಲಗೆನ್ನೆ ಬಿಸಿಯಾದರೆ ಉತ್ತರಕ್ಕೆ ಮುಖ ಮಾಡಿದ್ದೇನೆ. ಇದರಲ್ಲಿ ಪವಾಡ ಏನಿದೆ?

ಬಿಸಿಲಿನ ನಂತರ ಸದ್ದು. ಅಂಧರು ಗೋಡೆಗೆ ಬಡಿದುಕೊಳ್ಳುವ ಮೊದಲೇ ಅದರ ಅರಿವು ಬಂದು ನಿಲ್ಲುತ್ತಾರಲ್ಲ, ಅದು ಮುಖದ ಚರ್ಮಕ್ಕೆ ತಿಳಿಯುತ್ತದೆ ಎಂದು ಬಹಳ ಕಾಲ ನಂಬಿದ್ದರು. ಅದಕ್ಕೆ 'ಮುಖದೃಷ್ಟಿ' ಎಂಬ ಅರ್ಥದ ಹೆಸರನ್ನೂ ಇಟ್ಟಿದ್ದರು. ಎಷ್ಟೋ ಅಂಧರಿಗೂ ಹಾಗೇ ಅನ್ನಿಸುತ್ತಿತ್ತು. 1944ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಪ್ರಯೋಗದಲ್ಲಿ ಸತ್ಯ ಹೊರಬಿತ್ತು. ಮುಖ ಮುಚ್ಚಿದರೂ ಜನ ಗೋಡೆಯ ಮುಂದೆ ನಿಂತರು. ಕಿವಿ ಮುಚ್ಚಿದಾಗ ಹೋಗಿ ಬಡಿದುಕೊಂಡರು. ಹದಿನೇಳು ಮೀಟರ್ ದೂರದ ಗೋಡೆಗೆ ಚಪ್ಪಾಳೆ ತಟ್ಟಿದರೆ ಅದು ಮರಳಿ ಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಹತ್ತಿರದ ಗೋಡೆಯಾದರೆ ಪ್ರತಿಧ್ವನಿ ಬೇರೆಯಾಗಿ ಕೇಳುವುದಿಲ್ಲ. ಸದ್ದಿನ ಬಣ್ಣವೇ ಸ್ವಲ್ಪ ಬದಲಾಗುತ್ತದೆ. 1821ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಹತ್ತಿದ ಅಂಧ ಪ್ರವಾಸಿ ಜೇಮ್ಸ್ ಹೋಲ್ಮನ್ ಲೋಹದ ತುದಿಯ ಕೋಲು ಕುಟ್ಟುತ್ತಾ ಇದನ್ನೇ ಮಾಡುತ್ತಿದ್ದರು. ನನ್ನ ಬಿಳಿ ಕೋಲು ಮಾಡುವ ಅರ್ಧ ಕೆಲಸವೂ ಸದ್ದಿನದ್ದೇ.

ಈಗ ಸ್ಮಾರಕಕ್ಕೆ ಬರೋಣ. ಹಳೆಯ ಕಟ್ಟಡಗಳಲ್ಲಿ ನನಗೆ ತುಂಬ ಇಷ್ಟವಾಗುವ ಗುಣ ಎಂದರೆ ಅವುಗಳಿಗೇ ದಿಕ್ಕು ಗೊತ್ತಿರುವುದು. ದೇವಸ್ಥಾನಗಳು ಹೆಚ್ಚಾಗಿ ಪೂರ್ವಕ್ಕೆ ಮುಖ ಮಾಡಿರುತ್ತವೆ. ಮಸೀದಿಯ ಕಿಬ್ಲಾ ಗೋಡೆ ಮೆಕ್ಕಾದ ಕಡೆಗಿರುತ್ತದೆ. ಯುರೋಪಿನ ಹಳೆಯ ಚರ್ಚುಗಳಲ್ಲಿ ಬಲಿಪೀಠ ಸಾಮಾನ್ಯವಾಗಿ ಪೂರ್ವದ ತುದಿಯಲ್ಲಿರುತ್ತದೆ. ಇಷ್ಟು ಗೊತ್ತಿದ್ದರೆ ಬಾಗಿಲಲ್ಲಿ ನಿಂತಾಗಲೇ ಅರ್ಧ ನಕ್ಷೆ ತಲೆಯಲ್ಲಿ ಸಿದ್ಧ. ದೇವಸ್ಥಾನದಲ್ಲಂತೂ ಒಳಗೆ ಹೋದ ಹಾಗೆ ನಕ್ಷೆ ತಾನಾಗಿ ತುಂಬಿಕೊಳ್ಳುತ್ತದೆ. ತೆರೆದ ಮಂಟಪದಲ್ಲಿ ಮಾತು ಹೊರಗೆ ಹರಿದು ಹೋಗುತ್ತದೆ. ನವರಂಗದಲ್ಲಿ ಕಂಬಗಳ ನಡುವೆ ಒಡೆದು ಬರುತ್ತದೆ. ಗರ್ಭಗುಡಿಯ ಹತ್ತಿರ ಬಂದಾಗ ನನ್ನದೇ ಉಸಿರು ನನಗೆ ಕೇಳುತ್ತದೆ, ನೆಲ ತಣ್ಣಗಾಗುತ್ತದೆ. ಕಟ್ಟಿದವರು ಅಂಧರನ್ನು ನೆನೆದು ಕಟ್ಟಿದ್ದಲ್ಲ, ನಿಜ. ಆದರೆ ಅವರು ಬರೀ ಕಣ್ಣಿಗಾಗಿ ಕಟ್ಟಿದವರಂತೂ ಅಲ್ಲ.

ತಾಜ್ ಮಹಲ್ ಮಾತ್ರ ಕಣ್ಣಿನ ಪಕ್ಷಪಾತಿ. ಅದರ ಪಶ್ಚಿಮಕ್ಕೆ ಒಂದು ಮಸೀದಿ ಇದೆ. ಪೂರ್ವಕ್ಕೆ ಅದೇ ಅಳತೆಯ, ಅದೇ ರೂಪದ ಇನ್ನೊಂದು ಕಟ್ಟಡ ಇದೆ. ಅದಕ್ಕೆ 'ಜವಾಬ್' ಎನ್ನುತ್ತಾರೆ. ಮುಖ್ಯವಾಗಿ ಈ ಕಡೆ ಆ ಕಡೆ ಸಮನಾಗಿ ಕಾಣಲಿ ಎಂದು ಕಟ್ಟಿದ್ದು. ನೋಡುವವರ ಸಮಾಧಾನಕ್ಕೆ ಇಡೀ ಒಂದು ಕಟ್ಟಡ! ಅಮೃತಶಿಲೆಯಲ್ಲಿ ಬಣ್ಣದ ಕಲ್ಲು ಕೂರಿಸಿದ ಹೂಬಳ್ಳಿಗಳನ್ನೂ ಎಷ್ಟು ನಯವಾಗಿ ಉಜ್ಜಿದ್ದಾರೆ ಎಂದರೆ ಬೆರಳಿಗೆ ಬಳ್ಳಿ ಎಲ್ಲಿ ಮುಗಿಯಿತು, ಕಲ್ಲು ಎಲ್ಲಿ ಶುರುವಾಯಿತು ಎಂದು ತಿಳಿಯುವುದು ಕಷ್ಟ. ಆ ಕುಶಲತೆಗೆ ಕೈ ಮುಗಿಯುತ್ತೇನೆ. ನನಗೆ ಅದರಿಂದ ಸಿಗುವುದು ತಣ್ಣನೆಯ ನುಣುಪು ಮಾತ್ರ. ಗೋಡೆಯ ಕೆಳಭಾಗದಲ್ಲಿ ಉಬ್ಬಾಗಿ ಕೆತ್ತಿದ ಹೂಗಿಡಗಳೂ ಇವೆ, ಅವು ನನ್ನ ಪಾಲಿನ ತಾಜ್.

ಹಳೇಬೀಡು ಇದಕ್ಕೆ ಪೂರ್ತಿ ಉಲ್ಟಾ. ಬಳಪದ ಕಲ್ಲು, ಆಳವಾದ ಕೆತ್ತನೆ. ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಪುರಾಣದ ಕಥೆಗಳು, ಮಕರ, ಹಂಸ. ಎಲ್ಲ ಕೈಗೆಟಕುವ ಎತ್ತರದಲ್ಲೇ. ಆದರೆ ಗೋಡೆ ನಕ್ಷತ್ರದಂತೆ ಮೂಲೆಮೂಲೆಯಾಗಿ ಹೊರಗೆ ಒಳಗೆ ತಿರುಗುತ್ತದೆ. ಅದನ್ನೇ ಹಿಡಿದು ನಡೆದರೆ ದಿಕ್ಕು ತಪ್ಪುವುದು ಗ್ಯಾರಂಟಿ. ಬೆರಳಿಗೆ ಹಬ್ಬ, ಒಳಕಿವಿಗೆ ಶಿಕ್ಷೆ.

ಇನ್ನು ಗೋಳಗುಮ್ಮಟ. ಇದರ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ನಾಲ್ಕು ಮೂಲೆಗೂ ಏಳು ಅಂತಸ್ತಿನ ಗೋಪುರ, ಅದರೊಳಗೆ ಸುತ್ತಿ ಸುತ್ತಿ ಏರುವ ಕಿರಿದಾದ ಮೆಟ್ಟಿಲು. ಇಲ್ಲೇ ನನ್ನ ದಿಕ್ಕು ಮೊದಲು ಕೈಕೊಡುವುದು. ಒಂದೇ ಕಡೆಗೆ ತಿರುಗುತ್ತಲೇ ಇದ್ದರೆ ಎಷ್ಟು ಸುತ್ತಾಯಿತು ಎಂಬ ಲೆಕ್ಕ ಒಳಗಿನ ಅಂದಾಜಿಗೆ ನಿಲ್ಲುವುದಿಲ್ಲ. ಆಗ ನನ್ನನ್ನು ಕಾಯುವುದು ಅಂತಸ್ತಿನ ಕಮಾನುಗಳಿಂದ ನುಗ್ಗುವ ಗಾಳಿ. ಗಾಳಿ ಬಡಿದರೆ ಒಂದು ಅಂತಸ್ತು ಮುಗಿಯಿತು ಎಂದು ಲೆಕ್ಕ.

ಮೇಲೆ ಪಿಸುಮಾತಿನ ಗ್ಯಾಲರಿ. ಈ ಬದಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕೇಳುತ್ತದೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲೂ ಇಂಥದ್ದೇ ಗ್ಯಾಲರಿ ಇದೆ. ಅದರ ಗುಟ್ಟನ್ನು ಭೌತವಿಜ್ಞಾನಿ ಲಾರ್ಡ್ ರೇಲಿ ಬಿಡಿಸಿದರು: ಸದ್ದು ಬಾಗಿದ ಗೋಡೆಗೆ ಅಂಟಿಕೊಂಡೇ ಸಾಗುತ್ತದೆ, ನಡುವಿನ ಬಯಲಿಗೆ ಚೆಲ್ಲಿ ಹೋಗುವುದು ಕಡಿಮೆ. ಕಣ್ಣಿರುವವರಿಗೆ ಇದು ಮಜಾ. ನನಗೆ ಮಜಾ ಮತ್ತು ಗಾಬರಿ ಎರಡೂ. ಯಾಕೆಂದರೆ ಸದ್ದು ಎಲ್ಲಿಂದ ಬಂತು ಎಂದು ತಿಳಿಯಲು ಮಿದುಳು ಮೊದಲು ಬಂದ ಅಲೆಯನ್ನು ನಂಬುತ್ತದೆ, ಹಿಂದೆ ಬರುವ ಪ್ರತಿಧ್ವನಿಗಳನ್ನು ಬದಿಗಿಡುತ್ತದೆ. ಗುಮ್ಮಟದೊಳಗೆ ಆ ಜಾಣತನ ನಡೆಯುವುದಿಲ್ಲ. ಒಬ್ಬರ ಕೂಗು ಮುಗಿಯುವ ಮೊದಲೇ ಹತ್ತು ಕಡೆಯಿಂದ ಅದೇ ಕೂಗು. ಹಿಂದಿದ್ದ ಗೆಳೆಯ ಎದುರಿನಿಂದ ಮಾತಾಡುತ್ತಾನೆ. ಸಾಲದ್ದಕ್ಕೆ ಗ್ಯಾಲರಿ ದುಂಡಗಿದೆ, ಮೂಲೆಯೇ ಇಲ್ಲ. ಗೋಡೆ ಹಿಡಿದು ಎಷ್ಟು ನಡೆದರೂ ಹೊರಟ ಜಾಗ ಬಂತೋ ಇಲ್ಲವೋ ತಿಳಿಯದು. ದಿಕ್ಕನ್ನು ಕಿವಿಯಿಂದ ಹಿಡಿದವನಿಗೆ ಆ ಕಿವಿಯನ್ನೇ ಕಿತ್ತುಕೊಳ್ಳುವ ಕಟ್ಟಡ ಅದು. ಬೇರೆ ಯಾವ ಕಟ್ಟಡವೂ ನನ್ನನ್ನು ಇಷ್ಟು ಚಿಕ್ಕವನನ್ನಾಗಿ ಮಾಡಿಲ್ಲ. ದೊಡ್ಡ ಸ್ಮಾರಕದ ಮುಂದೆ ನಿಂತು ನೀವು ಬಾಯಿ ಬಿಡುತ್ತೀರಲ್ಲ, ನನ್ನದೂ ಅದೇ ಅನುಭವ, ಬೇರೆ ದಾರಿಯಲ್ಲಿ ಬಂದದ್ದು.

ಮೆಕ್ಸಿಕೋದ ಚಿಚೆನ್ ಇಟ್ಸಾ ಪಿರಮಿಡ್ಡಿಗೆ ನಾನು ಹೋಗಿಲ್ಲ, ಧ್ವನಿಮುದ್ರಣ ಕೇಳಿದ್ದೇನೆ. ಅದರ ಮೆಟ್ಟಿಲಿನ ಎದುರು ಚಪ್ಪಾಳೆ ತಟ್ಟಿದರೆ ಹಕ್ಕಿಯ ಚಿಲಿಪಿಲಿಯಂಥ ಸದ್ದು ಮರಳುತ್ತದೆ. ಒಂದೊಂದು ಮೆಟ್ಟಿಲೂ ಸದ್ದನ್ನು ಸ್ವಲ್ಪ ಸ್ವಲ್ಪ ತಡವಾಗಿ ವಾಪಸ್ ಕಳಿಸುವುದರಿಂದ ಹೀಗಾಗುತ್ತದೆ. ಈಗ ಅದನ್ನು ಹತ್ತಲು ಬಿಡುವುದಿಲ್ಲ. ಪರವಾಗಿಲ್ಲ, ಮೆಟ್ಟಿಲು ಕೇಳಿಸುತ್ತದಲ್ಲ!

ಇಷ್ಟೆಲ್ಲ ಇದ್ದರೂ ನಮ್ಮನ್ನು ಸ್ಮಾರಕಕ್ಕೆ ಕರೆದೊಯ್ಯುವ ಕ್ರಮ ನೋಡಿ. ರಟ್ಟೆ ಹಿಡಿದು ಪಾರ್ಸೆಲ್ ಸಾಗಿಸಿದ ಹಾಗೆ ಎಳೆದುಕೊಂಡು ಹೋಗುತ್ತಾರೆ. ಒಂದು ಕಡೆ ನಿಲ್ಲಿಸಿ "ಅಬ್ಬಾ, ಅದ್ಭುತವಾಗಿದೆ" ಎನ್ನುತ್ತಾರೆ. ಎಲ್ಲಿದೆ ಎಂದು ಕೇಳಿದರೆ "ಅಲ್ಲಿ" ಎಂದು ಕೈ ತೋರಿಸುತ್ತಾರೆ. ಎಳೆದುಕೊಂಡು ಹೋದಾಗ ತಿರುವಿನ ಲೆಕ್ಕ, ಹೆಜ್ಜೆಯ ಲೆಕ್ಕ ಎರಡೂ ನನ್ನ ಕೈ ತಪ್ಪುತ್ತದೆ. ನಿಮ್ಮ ಮೊಣಕೈಯನ್ನು ನಾನು ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆದರೆ, ನೀವು ತಿರುಗಿದ್ದು, ಹತ್ತಿದ್ದು, ಇಳಿದಿದ್ದು ಎಲ್ಲ ನನಗೆ ತಿಳಿಯುತ್ತದೆ. ಮೊಬಿಲಿಟಿ ಟ್ರೈನಿಂಗ್‌ನಲ್ಲಿ, ಅಂದರೆ ಅಂಧರಿಗೆ ಓಡಾಟ ಕಲಿಸುವ ತರಬೇತಿಯಲ್ಲಿ, ಮೊದಲು ಹೇಳಿಕೊಡುವ ಪಾಠಗಳಲ್ಲಿ ಇದೂ ಒಂದು. ನನ್ನ ನೇರ ಎದುರನ್ನು ಗಡಿಯಾರದ ಹನ್ನೆರಡು ಗಂಟೆ ಎಂದಿಟ್ಟುಕೊಂಡು, "ಅಲ್ಲಿ" ಬದಲು "ನಿಮ್ಮ ಎರಡು ಗಂಟೆಯ ದಿಕ್ಕಿನಲ್ಲಿ, ಇಪ್ಪತ್ತು ಹೆಜ್ಜೆ" ಎಂದರೆ ಮುಗಿಯಿತು.

ಆಡಿಯೋ ಗೈಡ್‌ಗಳೂ ಇದೇ ಜಾತಿ. "ನಿಮ್ಮೆದುರು ಕಾಣುತ್ತಿರುವ ಭವ್ಯ ದ್ವಾರ" ಎನ್ನುತ್ತವೆ. ನನ್ನ ಎದುರು ಕಸದ ಬುಟ್ಟಿ ಇರಬಹುದು, ಅದಕ್ಕೇನು ಗೊತ್ತು? ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ಕಲ್ಲಿನ ಚಾವಣಿ ಕೆಳಗೆ ಅದೂ ಕೈಕೊಡುತ್ತದೆ. ಬ್ರೈಲ್ ಫಲಕ ಹಾಕಿದ್ದೇವೆ ಎಂದು ಹೆಮ್ಮೆಯಿಂದ ಹೇಳುವವರನ್ನು ನಾನು ಕೇಳುವುದು ಒಂದೇ: ಆ ಫಲಕ ಇರುವುದು ಎಲ್ಲಿ ಎಂದು ನನಗೆ ತಿಳಿಯುವುದು ಹೇಗೆ? ಜಪಾನಿನ ಸೇಯಿಚಿ ಮಿಯಾಕೆ 1965ರಲ್ಲಿ ಉಬ್ಬು ಚುಕ್ಕೆಗಳ ನೆಲಹಾಸು ರೂಪಿಸಿದರು. ಈಗ ಜಗತ್ತಿನ ಎಷ್ಟೋ ರೈಲು ನಿಲ್ದಾಣಗಳಲ್ಲಿ ಇರುವುದು ಅದೇ. ಅಂಥ ಒಂದು ಸಾಲು ಬಾಗಿಲಿನಿಂದ ಫಲಕದವರೆಗೆ ಇದ್ದರೆ ಸಾಕು.

ಮುಟ್ಟಿ ತಿಳಿಯಲು ಇಡುವ ಕಟ್ಟಡಗಳ ಪುಟ್ಟ ಮಾದರಿಗಳ ಬಗ್ಗೆ ನನಗೆ ಸ್ವಲ್ಪ ಬೇರೆ ಅಭಿಪ್ರಾಯ ಇದೆ. ಮಾದರಿ ಬೇಕೇ ಬೇಕು. ಅಷ್ಟು ದೊಡ್ಡ ಗುಮ್ಮಟದ ಮೇಲೆ ಕೈಯಾಡಿಸಲು ಯಾರಿಂದಲೂ ಆಗುವುದಿಲ್ಲ. ಇಟಲಿಯ ಅಂಕೋನಾದಲ್ಲಿ 1993ರಿಂದ ಮ್ಯೂಸಿಯೋ ಒಮೇರೋ ಎಂಬ ಮುಟ್ಟಿ ನೋಡುವ ಸಂಗ್ರಹಾಲಯವೇ ಇದೆ. ಅದರ ಕನಸು ಕಂಡವರು ಅಂಧ ದಂಪತಿ. ಜರ್ಮನಿಯ ಹಲವು ಊರುಗಳ ಚೌಕಗಳಲ್ಲಿ ಶಿಲ್ಪಿ ಎಗ್ಬರ್ಟ್ ಬ್ರೋರ್ಕೆನ್ ಮಾಡಿದ ಕಂಚಿನ ನಗರ ಮಾದರಿಗಳಿವೆ. ಆದರೆ ಮಾದರಿ ಆಕಾರ ಹೇಳುತ್ತದೆ, ಗಾತ್ರ ಹೇಳುವುದಿಲ್ಲ. ಗಾತ್ರ ಹೇಳುವುದು ಕಾಲು. ಒಳಗಿನ ಬಯಲನ್ನು ಹೇಳುವುದು ಕಿವಿ. ಮೂರನ್ನೂ ಕೂಡಿಸಲು ಮಾದರಿಯನ್ನು ಕಟ್ಟಡದ ದಿಕ್ಕಿಗೇ ಸರಿಯಾಗಿ ಇಡಬೇಕು. ಕಟ್ಟಡದ ಬಾಗಿಲು ದಕ್ಷಿಣಕ್ಕಿದ್ದರೆ ಮಾದರಿಯ ಬಾಗಿಲೂ ದಕ್ಷಿಣಕ್ಕೇ. ಪಕ್ಕದಲ್ಲಿ ಅದೇ ಅಳತೆಗೆ ಇಳಿಸಿದ ಒಂದು ಮನುಷ್ಯನ ಗೊಂಬೆ. ಉಗುರಿನಷ್ಟು ಗೊಂಬೆ ಮುಟ್ಟಿ, ಆಮೇಲೆ ಮಾದರಿಯ ಗುಮ್ಮಟ ಮುಟ್ಟಿದರೆ ಮೈ ಜುಂ ಎನ್ನುತ್ತದೆ. ಇದಕ್ಕೆ ಖರ್ಚೇನೂ ಇಲ್ಲ, ಯೋಚನೆ ಬೇಕು ಅಷ್ಟೇ.

ಆನೆ ಮುಟ್ಟಿದ ಕುರುಡರ ಕಥೆ ಈ ಹೊತ್ತಿಗೆ ಯಾರಾದರೂ ನೆನಪಿಸಿಕೊಂಡಿರುತ್ತೀರಿ, ಅಲ್ವಾ? ಆ ಕಥೆ ಕಟ್ಟಿದವರಿಗೆ ಕಣ್ಣಿತ್ತು ಎಂದು ನನ್ನ ಗುಮಾನಿ. ಕಣ್ಣು ಕಾಣದ ಯಾರೂ ಒಂದು ಕಾಲು ಮುಟ್ಟಿ ಕಂಬ ಎಂದು ಹೇಳಿ ಸುಮ್ಮನಾಗುವುದಿಲ್ಲ. ಸುತ್ತ ನಡೆದು, ಇನ್ನೊಂದು ಕಾಲು ಎಲ್ಲಿದೆ ಎಂದು ಹುಡುಕಿಯೇ ಹುಡುಕುತ್ತಾರೆ. ನಮ್ಮ ದಿನನಿತ್ಯದ ಬದುಕೇ ಬಿಡಿ ಬಿಡಿಯಾಗಿ ಸಿಕ್ಕಿದ್ದನ್ನು ಜೋಡಿಸುವುದು.

ಕೆಲವರು ಪ್ರೀತಿಯಿಂದ "ನಿಮಗೆ ಕಣ್ಣು ಬಂದರೆ ಮೊದಲು ತಾಜ್ ನೋಡಬಹುದು" ಎನ್ನುತ್ತಾರೆ. ಬಂದರೂ ಅಷ್ಟು ಸುಲಭವಿಲ್ಲ. ಮುಟ್ಟಿ ಗೊತ್ತಿರುವ ಗೋಳವನ್ನು ದೃಷ್ಟಿ ಬಂದ ತಕ್ಷಣ ನೋಡಿ ಗುರುತಿಸಬಹುದೇ ಎಂದು ಐರ್ಲೆಂಡಿನ ವಿಲಿಯಂ ಮಾಲಿನ್ಯೂ 1688ರಲ್ಲೇ ಕೇಳಿದ್ದರು. ಭಾರತದಲ್ಲಿ ಹುಟ್ಟಿನಿಂದ ಅಂಧರಾಗಿದ್ದು ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಪಡೆದ ಮಕ್ಕಳನ್ನು ಪ್ರಾಜೆಕ್ಟ್ ಪ್ರಕಾಶ್ ತಂಡ ಪರೀಕ್ಷಿಸಿ, 2011ರಲ್ಲಿ ಫಲಿತಾಂಶ ಪ್ರಕಟಿಸಿತು. ಮಕ್ಕಳಿಗೆ ತಕ್ಷಣ ಗುರುತಿಸಲು ಆಗಲಿಲ್ಲ. ಕೆಲವೇ ದಿನಗಳಲ್ಲಿ ಕಲಿತರು. ಹಾಗಾಗಿ ನನಗೆ ನಾಳೆ ದೃಷ್ಟಿ ಬಂದರೆ, ಕೈಗೆ ಚೆನ್ನಾಗಿ ಗೊತ್ತಿರುವ ಗುಮ್ಮಟವನ್ನೂ ಹೊಸದಾಗಿ ಕಲಿಯಬೇಕು.

ಕಡೆಗೆ, ಎಲ್ಲರೂ ಮುಟ್ಟಿದರೆ ಸ್ಮಾರಕ ಹಾಳಾಗಲ್ವಾ ಎಂಬ ಮಾತು. ಆಗುತ್ತದೆ. ಕೈಯ ಬೆವರು, ಎಣ್ಣೆಯಂಶ ಕಲ್ಲಿಗೆ ಒಳ್ಳೆಯದಲ್ಲ. ಎಲ್ಲ ಕೆತ್ತನೆಗೂ ಕೈ ಹಾಕಲು ಬಿಡಿ ಎಂದು ನಾನು ಕೇಳುವುದಿಲ್ಲ. ಒಂದು ಕಂಬದ ಪ್ರತಿರೂಪ, ಒಂದು ಸಾಲು ಆನೆಗಳ ಪ್ರತಿರೂಪ ಬಾಗಿಲ ಬಳಿ ಇಡಿ. ಅಗತ್ಯವಿದ್ದ ಕಡೆ ತೆಳು ಕೈಗವಸು ಕೊಡಿ. ಆದರೆ ನಡೆಯಲು, ಗೋಡೆಯಿಂದ ಗೋಡೆಗೆ ಹೆಜ್ಜೆ ಎಣಿಸಲು, ಒಂದು ಸಲ ಚಪ್ಪಾಳೆ ತಟ್ಟಿ ಕೇಳಲು ಕಲ್ಲಿಗೆ ಏನೂ ಆಗುವುದಿಲ್ಲ. ಅದಕ್ಕೂ ಸೀಟಿ ಊದಿ "ಬೇಗ ಮುಂದೆ ಹೋಗಿ" ಎನ್ನುವವರಿದ್ದಾರೆ. ದಿನಕ್ಕೆ ಒಂದು ಗಂಟೆ, ಜನ ಜಾಸ್ತಿ ಇಲ್ಲದ ಹೊತ್ತು, ಗದ್ದಲವಿಲ್ಲದ ಗುಮ್ಮಟ ನಮಗೆ ಬಿಟ್ಟುಕೊಡಿ. ಕಣ್ಣಿರುವವರೂ ಬರಬಹುದು, ಮಾತಾಡದೆ ಇರುವುದಾದರೆ.