ಸತ್ಯಾಂಶ: ವಿಮಾನ ನುಂಗೋ ಕೆರೆ ಇದ್ಯಾ?

ಅರುಣಾಚಲದ ಪಾಂಗ್ಸೌ ಪಾಸ್ ದಾಟಿದ್ರೆ ಬರ್ಮಾ ಕಡೆ ‘ವಾಪಸ್ ಬರದ ಕೆರೆ’ ಅಂತ ಒಂದು ಕೆರೆ ಇದೆ, ಎರಡನೇ ಮಹಾಯುದ್ಧದಲ್ಲಿ ಮೇಲೆ ಹಾರಿದ ವಿಮಾನಗಳನ್ನ ಎಳ್ಕೊಂಡ್ಬಿಡ್ತಂತೆ ಅನ್ನೋ ಫಾರ್ವರ್ಡ್ ಮತ್ತೆ ಸುತ್ತಾಡ್ತಿದೆ. ಕೆರೆ ಇರೋದು ನಿಜ, ನುಂಗೋದು ಸುಳ್ಳು. 1942ರಿಂದ 45ರವರೆಗೆ ಅಸ್ಸಾಂನಿಂದ ಚೀನಾಕ್ಕೆ ಪೆಟ್ರೋಲು, ಮದ್ದುಗುಂಡು ಸಾಗಿಸ್ತಿದ್ದ ದಾರಿಲಿ ಸುಮಾರು 600 ವಿಮಾನ ಬಿದ್ದೋ ನಾಪತ್ತೆಯಾಗೋ ಹೋದ್ವು, ಸಿ-46, ಸಿ-47 ಅಂಥ ಸಾಮಾನು ಸಾಗಿಸೋ ವಿಮಾನಗಳು, ಕಾರಣ ರೆಕ್ಕೆ ಮೇಲೆ ಕಟ್ತಿದ್ದ ಐಸು, ಬಿರುಗಾಳಿ, ಮೋಡದೊಳಗೆ ಕಾಣದ ಬೆಟ್ಟ, ಕೈಕೊಡೋ ಇಂಜಿನ್ನು, ಮ್ಯಾಪೂ ಸರಿ ಇರ್ಲಿಲ್ಲ. ಅರುಣಾಚಲದ ಬೆಟ್ಟ, ಕಾಡಲ್ಲಿ ಅವುಗಳ ಅವಶೇಷ ಸಿಕ್ಕಿದೆ. ನೀವೇ ಚೆಕ್ ಮಾಡ್ಬೇಕಂದ್ರೆ ಮೆಸೇಜಲ್ಲಿ ತಾರೀಖು, ವಿಮಾನದ ಬಾಲದ ನಂಬರು ಕೊಟ್ಟಿದಾರಾ ನೋಡಿ, ಕೊಟ್ಟಿದ್ರೆ ಯುದ್ಧಕಾಲದ ನಾಪತ್ತೆ ವರದಿಗಳಲ್ಲಿ ಹುಡುಕಿ, ಎಷ್ಟೋ ಆನ್‌ಲೈನಲ್ಲೇ ಇವೆ. ನಂಬೋರ ತಪ್ಪೇನಿಲ್ಲ ಬಿಡಿ, ಹೆಸರೇ ‘ವಾಪಸ್ ಬರದ ಕೆರೆ’ ಅಂತ ಇದ್ರೆ ಯಾರಿಗಾದ್ರೂ ಹಾಗನ್ಸುತ್ತೆ.