ಕ್ಯಾಮೆರಾ ಮುಂದೆ ಬಂದ್‌ಗಲಾ ಸಾಕು

ಲಂಡನ್ನಿನಲ್ಲಿ ನನ್ನ ಆಫೀಸಿನವರು ವಿಡಿಯೊ ಸಭೆಗೆ ಟೀ ಶರ್ಟಿನಲ್ಲೇ ಬರುತ್ತಾರೆ. ಸೂಟು ಹೊಲಿಯುವುದಕ್ಕೆ ಹೆಸರಾದ ಸ್ಯಾವಿಲ್ ರೋ ಇರುವ ಊರಲ್ಲೇ ಹೀಗೆ. ನಮ್ಮ ಕಲಬುರಗಿ ಕಡೆಯ ವೆಬಿನಾರ್‌ಗಳಲ್ಲಿ ಉಲ್ಟಾ. ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಮೈಕಿಗೆ ಸದ್ದು ಬರುತ್ತದೆ ಅಂತ ಫ್ಯಾನೂ ಆರಿಸಿರುತ್ತಾರೆ. ಆದರೂ ಮಾತಾಡುವವರು ದಪ್ಪ ಕೋಟು ತೊಟ್ಟು, ಟೈ ಕಟ್ಟಿ ಕೂತಿರುತ್ತಾರೆ. ಕೇಳುವವರಿಗೆ ಮರ್ಯಾದೆ ಕೊಡುವ ಆ ಮನಸ್ಸು ನನಗೆ ತುಂಬಾ ಇಷ್ಟ. ಈ ವಿಷಯದಲ್ಲಿ ನಾನು ಕಲಬುರಗಿ ಪರ. ಆದರೆ ಅದಕ್ಕೆ ಸೂಟೇ ಯಾಕೆ ಬೇಕು? ಕುತ್ತಿಗೆವರೆಗೂ ಗುಂಡಿ ಹಾಕುವ, ಟೈ ಬೇಡದ ಬಂದ್‌ಗಲಾ ಕೋಟು ಸಾಕಲ್ವಾ?

ಆನ್‌ಲೈನ್ ಕಾರ್ಯಕ್ರಮದಲ್ಲಿ ಎಲ್ಲರೂ ಅವರವರ ಊರಿನ ಹವೆಯಲ್ಲೇ ಕೂತಿರುತ್ತಾರೆ. ಕರೆದವರು ಲಂಡನ್ನಿನವರಾದರೂ ಅಲ್ಲಿನ ಚಳಿಗೆ ಹೊಂದುವ ಉಣ್ಣೆ ಬಟ್ಟೆ ನಮಗೆ ಬೇಕಿಲ್ಲ. 1948ರವರೆಗೂ ನಿಜಾಮರ ಆಡಳಿತ ಕಂಡ ಸೀಮೆ ನಮ್ಮದು. ಆಗ ಶೇರ್ವಾನಿ ಬರೀ ಮದುವೆ ಬಟ್ಟೆ ಆಗಿರಲಿಲ್ಲ, ದರಬಾರಿಗೂ ಅದೇ. ವಕೀಲರ ಉಡುಪಿನ ನಿಯಮದಲ್ಲಿ ಇವತ್ತಿಗೂ ಕಪ್ಪು ಶೇರ್ವಾನಿಗೂ, ಅದರ ಹಾಗೇ ಕುತ್ತಿಗೆ ಮುಚ್ಚುವ ಉದ್ದ ಕೋಟು ಅಚ್ಕನ್‌ಗೂ ಜಾಗ ಇದೆ. ಹೈಕೋರ್ಟ್ ಪೀಠ ಇರುವ ಕಲಬುರಗಿಯಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊರೊನಾ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ವಿಡಿಯೊ ವಿಚಾರಣೆಗೆ ಕೋಟು, ಗೌನು ಬೇಡ, ಬಿಳಿ ಅಂಗಿ ಮೇಲೆ ಕುತ್ತಿಗೆಗೆ ಬಿಳಿ ಬ್ಯಾಂಡ್ ಸಾಕು ಎಂದು ಸುಪ್ರೀಂ ಕೋರ್ಟೇ ಹೇಳಿತ್ತು. ಅದರಿಂದ ಕೋರ್ಟಿನ ಗಾಂಭೀರ್ಯ ಏನೂ ಕಡಿಮೆ ಆಗಲಿಲ್ಲ ಅಲ್ವಾ?

ಹಾಗಾಗಿ ನಾನು ಹೇಳುವುದು ಬಂದ್‌ಗಲಾ. ಕ್ಯಾಮೆರಾಕ್ಕೆ ಕಾಣುವುದು ಎದೆಯಿಂದ ಮೇಲೆ ಮಾತ್ರ. ಗಂಟೆಗಟ್ಟಲೆ ಕೂತರೆ ಟೈ ಗಂಟು ಸಡಿಲವಾಗುತ್ತದೆ, ಅಂಗಿಯ ಕಾಲರ್ ಒಂದು ಕಡೆ ಬಾಗುತ್ತದೆ. ಬಂದ್‌ಗಲಾದ ನಿಂತ ಕಾಲರಿಗೆ ಈ ತಾಪತ್ರಯ ಇಲ್ಲ. ಮುಖಕ್ಕೂ ಅದು ಚೆನ್ನಾಗಿ ಒಪ್ಪುತ್ತದೆ. ನಮ್ಮ ಬಿಸಿಲಿಗೆ ಹತ್ತಿ ಇಲ್ಲವೇ ಲಿನನ್ ತಗೊಳ್ಳಿ. ಒಳಗೆ ಪೂರ್ತಿ ಲೈನಿಂಗ್ ಬೇಡ, ಭುಜಕ್ಕೆ ದಪ್ಪ ಪ್ಯಾಡೂ ಬೇಡ. ಕಡು ನೀಲಿಯನ್ನು ಮೀರಿಸುವ ಬಣ್ಣ ಇಲ್ಲ. ಸಣ್ಣ ಗೆರೆ, ಸಣ್ಣ ಚೌಕಳಿ ಇದ್ದರೆ ಪರದೆ ಮೇಲೆ ಅಲೆಅಲೆಯಾಗಿ ಮಿನುಗುತ್ತವೆ. ಬಿಳಿ ಜಾಸ್ತಿ ಇದ್ದರೆ ಕ್ಯಾಮೆರಾ ಬೆಳಕನ್ನು ತಗ್ಗಿಸುತ್ತದೆ, ನಮ್ಮ ಮುಖ ಕಪ್ಪಾಗಿ ಕಾಣುತ್ತದೆ. ಕೆಳಗೆ ಪ್ಯಾಂಟೂ ಸರಿಯಾದದ್ದೇ ಇರಲಿ, ನಡುವೆ ಎದ್ದು ನಿಲ್ಲಬೇಕಾಗಿ ಬರಬಹುದು.

ಒಂದು ಮಾತು ಮಾತ್ರ ಮರೆಯಬೇಡಿ. ದರ್ಜಿ ಅಂಗಡಿಯಲ್ಲಿ ಸುಮ್ನೆ ನಿಂತು ಕನ್ನಡಿ ನೋಡಿಕೊಂಡರೆ ಸಾಲದು. ಕುರ್ಚಿ ಕೇಳಿ ಕೂತುಕೊಳ್ಳಿ. ಟೈಪ್ ಮಾಡುವ ಹಾಗೆ ಕೈ ಮುಂದೆ ಚಾಚಿ. ಆಗ ಕಾಲರ್ ಹಿಂದೆ ಕುತ್ತಿಗೆ ಬಿಟ್ಟು ಎದ್ದರೆ, ಬಿಚ್ಚಿ ಮತ್ತೆ ಹೊಲಿಸಿ.