ಮಾಲೆ ಹಾಕದ ಹುಡುಗನ ಮನಸ್ಸಾಕ್ಷಿ

ಕಳೆದ ಡಿಸೆಂಬರ್‌ನಲ್ಲಿ ನಮ್ಮೂರ ದರ್ಗಾದಲ್ಲಿ ನಮ್ಮ ಮನೆಯವರ ಕಂದೂರಿ ಇತ್ತು. ಕಾಕಾನ ಹರಕೆ. ಕಲಬುರಗಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಾತಿ ಯಾವುದೇ ಇರಲಿ, ಹರಕೆ ಹೊತ್ತವರು ದರ್ಗಾಕ್ಕೆ ಹೋಗಿ ಕುರಿ ಕೊಯ್ಸಿ, ಅಲ್ಲೇ ಒಲೆ ಹೂಡಿ, ಬಂದವರಿಗೆಲ್ಲ ಊಟ ಹಾಕುತ್ತಾರೆ. ಮುಲ್ಲಾ ಬಂದು ನಿಂತಿದ್ದರು. ಕುರಿಯ ಕಾಲು ಹಿಡಿಯೋಕೆ ಒಬ್ಬ ಹುಡುಗ ಬೇಕಾಗಿತ್ತು.

ಕಾಕಾ ಮೊದಲು ಕರೆದಿದ್ದು ತಮ್ಮ ಮೊಮ್ಮಗನನ್ನು. ಅವನು ಅಯ್ಯಪ್ಪನ ಮಾಲೆ ಹಾಕಿದ್ದ, ಕಪ್ಪು ಬಟ್ಟೆಯಲ್ಲಿದ್ದ. ನೆನಪಾದ ಕೂಡಲೇ ಕಾಕಾ ಕೈ ಮುಗಿದು, "ಸ್ವಾಮಿ, ನೀವು ಆ ಕಡಿ ಕೂಡ್ರಪ್ಪ" ಎಂದರು. ಆಮೇಲೆ ನನ್ನ ತಮ್ಮನ ಮಗನನ್ನು ಕರೆದರು. ಪಿಯುಸಿ ಓದುವ ಹುಡುಗ. ಬಂದ, ಬಗ್ಗಿದ, ಕುರಿಯ ಕಾಲಿನ ಮೇಲೆ ಕೈ ಇಟ್ಟ. ಹಾಗೇ ಕೈ ಹಿಂದಕ್ಕೆ ತಗೊಂಡ.

"ಮುತ್ಯಾ, ನನ್ನ ಕೈಲಿ ಆಗಂಗಿಲ್ಲ."

"ಯಾಕ, ನೀನೂ ಮಾಲಿ ಹಾಕಿಯೇನು?"

"ಇಲ್ಲ."

"ಮತ್ಯಾಕ?"

"ಆಗಂಗಿಲ್ಲ, ಅಷ್ಟ."

"ಉಣ್ಣಾಕ ಆಗ್ತದ, ಹಿಡಿಯಾಕ ಆಗಂಗಿಲ್ಲೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಹುಡುಗನ ಕಿವಿ ಕೆಂಪಾಗಿತ್ತು. ಸುಮ್ನೆ ಕೊಡ ಎತ್ತಿಕೊಂಡು ಬೋರಿನ ಕಡೆ ಹೋದ. ಸಂಜೆವರೆಗೂ ನೀರು ಹೊತ್ತ. ಅವತ್ತು ಊಟ ಮಾಡಲಿಲ್ಲ.

ಅವತ್ತು ನಕ್ಕಿದ್ದು ನನ್ನನ್ನು ಇನ್ನೂ ಬಿಟ್ಟಿಲ್ಲ. ಮಾಲೆ ಹಾಕಿದವನ ವ್ರತದ ಮೇಲೆ ನನಗೆ ಗೌರವ ಇದೆ. ಆದರೆ ಈ ಹುಡುಗನ "ಆಗಂಗಿಲ್ಲ" ಕೂಡ ಅಷ್ಟೇ ಗಟ್ಟಿಯಾಗಿತ್ತು. ಅದರ ಹಿಂದೆ ತೋರಿಸೋಕೆ ಒಂದು ದೇವರು ಇರಲಿಲ್ಲ, ಅಷ್ಟೇ. ಅದಕ್ಕೇ ನಾವು ನಂಬಲಿಲ್ಲ.

ನಾನು ರಾಜ್ಯಶಾಸ್ತ್ರದ ಮೇಷ್ಟ್ರು. ಇದೇ ಪ್ರಶ್ನೆ ಜಗತ್ತಿನ ದೊಡ್ಡ ದೊಡ್ಡ ಕೋರ್ಟುಗಳ ಮುಂದೆ ಬಂದು ನಿಂತಿದೆ. ಸರ್ಕಾರ ಕಡ್ಡಾಯವಾಗಿ ಸೈನ್ಯಕ್ಕೆ ಕರೆದಾಗ, "ನಾನು ಮನುಷ್ಯರನ್ನು ಕೊಲ್ಲಲಾರೆ" ಎನ್ನುವವನಿಗೆ ವಿನಾಯಿತಿ ಕೊಡಬೇಕಾ? ಕೊಡುವುದಾದರೆ, ಅವನಿಗೆ ಒಂದು ಧರ್ಮ ಇರಲೇಬೇಕಾ?

ಇರಬೇಕಾಗಿಲ್ಲ ಅನ್ನೋದು ನನ್ನ ಮಾತು.

ಅಮೆರಿಕದ 1948ರ ಕಾನೂನು ಧರ್ಮ ಬೇಕು ಎನ್ನುತ್ತಿತ್ತು. ಪರಮಾತ್ಮನ ಮೇಲಿನ ನಂಬಿಕೆಯಿಂದ ಯುದ್ಧ ವಿರೋಧಿಸುವವರಿಗೆ ಮಾತ್ರ ವಿನಾಯಿತಿ. ಡೇನಿಯಲ್ ಸೀಗರ್ ಎಂಬ ಯುವಕನಿಗೆ ಫಾರ್ಮ್ ಬಂತು. ದೇವರನ್ನು ನಂಬುತ್ತೀರಾ, ಹೌದೋ ಅಲ್ಲವೋ? ಅವನು ಹೌದು ಎನ್ನಲಿಲ್ಲ, ಇಲ್ಲವೂ ಎನ್ನಲಿಲ್ಲ. ಎಲಿಯಟ್ ವೆಲ್ಷ್ ಎಂಬ ಇನ್ನೊಬ್ಬ, ಫಾರ್ಮಿನಲ್ಲಿ ಮೊದಲೇ ಅಚ್ಚಾಗಿದ್ದ 'ನನ್ನ ಧಾರ್ಮಿಕ ಶಿಕ್ಷಣ' ಎಂಬ ಮಾತಿನ ಮೇಲೆ ಪೆನ್ನಿನಿಂದ ಗೀಟು ಎಳೆದು ಸಹಿ ಮಾಡಿದ. ಹೌದು ಎಂದು ಬರೆದಿದ್ದರೆ ಇಬ್ಬರ ದಾರಿಯೂ ಸಲೀಸಾಗುತ್ತಿತ್ತು. ಸುಳ್ಳು ಬರೆಯಲು ಮನಸ್ಸು ಒಪ್ಪಲಿಲ್ಲ. ಮನಸ್ಸಾಕ್ಷಿ ಇದೆ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು ಹೇಳಿ? ಸುಪ್ರೀಂ ಕೋರ್ಟ್ ಸೀಗರ್‌ನನ್ನು 1965ರಲ್ಲಿ, ವೆಲ್ಷ್‌ನನ್ನು 1970ರಲ್ಲಿ ಒಪ್ಪಿತು. ಭಕ್ತನ ಬದುಕಿನಲ್ಲಿ ದೇವರಿಗೆ ಇರುವ ಜಾಗ ಈ ನಂಬಿಕೆಗೆ ಇವನ ಬದುಕಿನಲ್ಲಿ ಇದ್ದರೆ ಸಾಕು ಎಂದಿತು.

ಧರ್ಮ ಇದ್ದವರಿಗಾದರೂ ಸುಲಭವಾಗಿತ್ತಾ? ಬಾಕ್ಸರ್ ಮುಹಮ್ಮದ್ ಅಲಿ 1967ರ ಏಪ್ರಿಲ್ 28ರಂದು ಹ್ಯೂಸ್ಟನ್‌ನಲ್ಲಿ ಸೈನ್ಯಕ್ಕೆ ಹೆಸರು ಕರೆದಾಗ ಮುಂದೆ ಹೆಜ್ಜೆ ಇಡಲಿಲ್ಲ. ಪಟ್ಟ ಹೋಯಿತು, 5 ವರ್ಷದ ಶಿಕ್ಷೆ ಬಿತ್ತು, ಮೂರು ವರ್ಷಕ್ಕೂ ಜಾಸ್ತಿ ರಿಂಗ್ ಬಿಟ್ಟು ಕೂತರು. 1971ರಲ್ಲಿ ಕೋರ್ಟ್ ಶಿಕ್ಷೆ ರದ್ದು ಮಾಡಿತು. ಅವರ ಧರ್ಮ ಏನು ಹೇಳುತ್ತದೆ ಎಂದು ಸರ್ಕಾರಿ ವಕೀಲರು ವಾದ ಮಾಡುವ ಪರಿಸ್ಥಿತಿ ಬಂದಿತ್ತು. ಧರ್ಮವನ್ನೇ ಅಳತೆಗೋಲು ಮಾಡಿದರೆ ಆಗೋದು ಇದೇ. ಯಾವ ಧರ್ಮದಲ್ಲಿ ಏನಿದೆ ಅಂತ ಅಧಿಕಾರಿ ತೀರ್ಪು ಕೊಡಬೇಕಾಗುತ್ತದೆ. ಅದು ಅವನ ಕೆಲಸವೇ ಅಲ್ಲ.

ಇನ್ನೊಂದು ವಿಷಯ. ಧರ್ಮ ಯಾವಾಗಲೂ ಕೊಲ್ಲಬೇಡ ಅನ್ನುವವರ ಪಕ್ಕದಲ್ಲೇ ನಿಂತಿರೋದಿಲ್ಲ. ನಮ್ಮ ಸೇನೆಯಲ್ಲೇ ಪಂಡಿತರು, ಮೌಲ್ವಿಗಳು, ಗ್ರಂಥಿಗಳು, ಪಾದ್ರಿಗಳು ಧರ್ಮಗುರುಗಳಾಗಿ ಕೆಲಸ ಮಾಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಸೈನಿಕನಿಗೂ ಧೈರ್ಯ ಬೇಕು. ಕುರುಕ್ಷೇತ್ರದಲ್ಲಿ ಅರ್ಜುನ ಬಿಲ್ಲು ಕೆಳಗಿಟ್ಟಿದ್ದು ಎದುರಿಗೆ ಅಜ್ಜ, ಗುರು, ಅಣ್ಣ ತಮ್ಮಂದಿರ ಮುಖ ಕಂಡು. ಧರ್ಮದ ಮಾತು ಅವತ್ತು ಬಾಣ ಹೂಡು ಎಂದಿತು. ಅರ್ಜುನ ಒಪ್ಪಿಕೊಂಡ, ಸರಿ. ಒಪ್ಪದೇ ಇದ್ದಿದ್ದರೆ ಅವನ ಸಂಕಟ ಸುಳ್ಳಾಗುತ್ತಿತ್ತಾ?

ದಕ್ಷಿಣ ಕೊರಿಯಾದ ಕಥೆ ಓದಿದರೆ ಹೊಟ್ಟೆ ಉರಿಯುತ್ತದೆ. ಅಲ್ಲಿ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದ ಸಾವಿರಾರು ಹುಡುಗರು ಬಂದೂಕು ಹಿಡಿಯಲ್ಲ ಅಂದಿದ್ದಕ್ಕೆ ಜೈಲಿಗೆ ಹೋದರು. ಸಾಮಾನ್ಯವಾಗಿ 18 ತಿಂಗಳ ಶಿಕ್ಷೆ. 2018ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಬದಲಿ ಸೇವೆಗೆ ದಾರಿ ಮಾಡಬೇಕು ಎಂದಿತು. ಆಮೇಲೆ ಪ್ರಾಸಿಕ್ಯೂಟರ್‌ಗಳು ಏನು ಮಾಡಿದರು ಗೊತ್ತಾ? ಇಂಥ ಹುಡುಗರು ಮೊಬೈಲು, ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಗೇಮ್ ಆಡಿದ್ದಾರಾ ಎಂದು ಹುಡುಕಿದರು. "ಉಣ್ಣಾಕ ಆಗ್ತದ, ಹಿಡಿಯಾಕ ಆಗಂಗಿಲ್ಲೇನು?" ಅಂತ ಕಾಕಾ ಕೇಳಿದ್ದೂ ಇದೇ ಅಲ್ವಾ? ಮನುಷ್ಯನ ಮನಸ್ಸು ಹಾಗೆ ಲೆಕ್ಕಕ್ಕೆ ಸಿಗಲ್ಲ. ಗೇಮ್ ಆಡಿದವನಿಗೂ ನಿಜವಾದ ಮನುಷ್ಯನ ಎದೆಗೆ ಗುರಿ ಇಡೋಕೆ ಆಗದೇ ಇರಬಹುದು. 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಪಂಥಕ್ಕೆ ಸೇರದ ಒಬ್ಬನ ಖುಲಾಸೆಯನ್ನೂ ಅವನ ಸ್ವಂತ ನಂಬಿಕೆ ನೋಡಿ ಎತ್ತಿಹಿಡಿಯಿತು.

ನಮ್ಮಲ್ಲಿ ಕಡ್ಡಾಯ ಸೈನ್ಯ ಇಲ್ಲ, ಇದೆಲ್ಲ ಯಾಕೆ ಅಂತ ಕೆಲವರು ಕೇಳಬಹುದು. ನಿಜ, ನಮ್ಮಲ್ಲಿ ಹುಡುಗರೇ ಕ್ಯೂ ನಿಲ್ಲುತ್ತಾರೆ. ಇದೇ ಹುಡುಗನ ಅಣ್ಣ ಅಗ್ನಿವೀರ್ ಆಗಬೇಕು ಅಂತ ಬೆಳಿಗ್ಗೆ 5ಕ್ಕೆ ಎದ್ದು 1600 ಮೀಟರ್ ಓಡುತ್ತಾನೆ. 4 ವರ್ಷ ಆದ ಮೇಲೆ 100ರಲ್ಲಿ ಹೆಚ್ಚೆಂದರೆ 25 ಜನ ಉಳಿಯುತ್ತಾರೆ ಅಂತ ಗೊತ್ತಿದ್ದೂ ಓಡುತ್ತಾನೆ. ಅವನ ಬಗ್ಗೆ ನನಗೆ ಹೆಮ್ಮೆ. ಆದರೆ ಸಂವಿಧಾನದ 23ನೇ ವಿಧಿ ಓದಿ ನೋಡಿ. ಸಾರ್ವಜನಿಕ ಉದ್ದೇಶಕ್ಕೆ ಸರ್ಕಾರ ಕಡ್ಡಾಯ ಸೇವೆ ಹೇರಬಹುದು ಎಂದು ಅಲ್ಲೇ ಇದೆ. ಹಾಗೆ ಹೇರುವಾಗ ಕೇವಲ ಧರ್ಮ, ಜನಾಂಗ, ಜಾತಿ, ವರ್ಗದ ಕಾರಣಕ್ಕೆ ಭೇದ ಮಾಡಬಾರದು ಎಂದೂ ಇದೆ. ಅಂಥ ಕಾನೂನು ಬಂದ ದಿನ ಧರ್ಮ ಇದ್ದವನಿಗೆ ಮಾತ್ರ ವಿನಾಯಿತಿ ಅಂದರೆ ಅದು ಭೇದ ಅಲ್ಲದೆ ಮತ್ತೇನು? 25ನೇ ವಿಧಿಯಲ್ಲೂ ಮೊದಲು ಬರೋದು ಮನಸ್ಸಾಕ್ಷಿಯ ಸ್ವಾತಂತ್ರ್ಯ, ಆಮೇಲೆ ಧರ್ಮಾಚರಣೆ. ನಮ್ಮ ಶಾಸಕರು, ಮಂತ್ರಿಗಳು ದೇವರ ಹೆಸರಿನಲ್ಲೋ ಸತ್ಯನಿಷ್ಠೆಯಿಂದಲೋ ಪ್ರಮಾಣ ಮಾಡಬಹುದು. ಎರಡಕ್ಕೂ ಒಂದೇ ತೂಕ. ಅಧಿಕಾರ ಹಿಡಿಯುವಾಗ ದೇವರ ಹೆಸರು ಹೇಳದವನ ಮಾತು ನಂಬುತ್ತೇವೆ. ಕೊಲ್ಲಲಾರೆ ಎಂದಾಗ ಯಾಕೆ ನಂಬಬಾರದು?

ಎಲ್ಲರೂ ಹೀಗೇ ಅಂದರೆ ಗಡಿ ಕಾಯೋರು ಯಾರು? ಈ ಪ್ರಶ್ನೆಯನ್ನು ನಾನು ಹಗುರಾಗಿ ತಗೊಳ್ಳಲ್ಲ. ಬೀದರ್‌ನಲ್ಲಿರುವ ನಮ್ಮ ದೊಡ್ಡಪ್ಪನ ಮಗ ಸುಬೇದಾರ್ ಆಗಿ ನಿವೃತ್ತರಾದವರು. ಏರ್‌ಫೋರ್ಸಿನ ತರಬೇತಿ ವಿಮಾನಗಳ ಸದ್ದಿನ ನಡುವೆ ಅವರ ಮನೆ ಮಾಳಿಗೆ ಮೇಲೆ ಕೂತು ಇದನ್ನೇ ಕೇಳಿದೆ. ಬೈತಾರೆ ಅಂದುಕೊಂಡಿದ್ದೆ. ಅಣ್ಣ ಹೇಳಿದ್ದು: "ಗುಂಡು ಹೊಡಿಯಾಕ ಮನಸ್ಸಿಲ್ಲದವನು ನನ್ನ ಬಾಜೂಕ ನಿಂತ್ರ ಇಬ್ಬರೂ ಸಾಯ್ತೀವಿ. ಮೊದಲ ಹೇಳಿದ್ರ ಚಲೋ. ಅವಂಗ ಬ್ಯಾರೆ ಕೆಲಸ ಕೊಡ್ಲಿ, ಆದ್ರ ಕೆಲಸ ಕೊಡ್ಲಿ. ಸುಮ್ನ ಮನಿಗೆ ಕಳಸಬಾರದು."

ನನಗೆ ಇದೇ ಸರಿ ಅನ್ನಿಸುತ್ತದೆ. ಎರಡನೇ ಮಹಾಯುದ್ಧದಲ್ಲಿ ಡೆಸ್ಮಂಡ್ ಡಾಸ್ ಎಂಬ ಅಮೆರಿಕದ ವೈದ್ಯಕೀಯ ಸಹಾಯಕ ಬಂದೂಕು ಮುಟ್ಟದೆಯೇ ಓಕಿನಾವಾದ ಬಂಡೆಯ ಮೇಲಿಂದ ಸುಮಾರು 75 ಗಾಯಾಳುಗಳನ್ನು ಹಗ್ಗ ಕಟ್ಟಿ ಇಳಿಸಿದ. ಅವನನ್ನು ಹೇಡಿ ಅಂತ ಯಾರಾದರೂ ಅನ್ನಬಹುದಾ? ಜರ್ಮನಿಯ 1949ರ ಸಂವಿಧಾನದಲ್ಲಿ ಇರುವುದು ಮನಸ್ಸಾಕ್ಷಿ ಎಂಬ ಮಾತು, ಧರ್ಮದ ಷರತ್ತು ಇಲ್ಲ. ಅಲ್ಲಿ ಸೈನ್ಯ ಬೇಡ ಅಂದ ಹುಡುಗರು ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ದುಡಿದರು. ದೇಶ ಮುಳುಗಲಿಲ್ಲ. ಕೊರಿಯಾ ಮಾತ್ರ ಬದಲಿ ಸೇವೆಯನ್ನು ಜೈಲಿನೊಳಗೆ 36 ತಿಂಗಳು ಮಾಡಿದೆ. ಸೈನ್ಯದ ಅವಧಿಯ ಎರಡು ಪಟ್ಟು. ಅದು ಸೇವೆ ಅಲ್ಲ, ದಂಡ. ಸ್ವಲ್ಪ ಜಾಸ್ತಿ ಇರಲಿ, ಸೋಮಾರಿಗಳು ಬರದಷ್ಟು. ಮುರಿದು ಹಾಕುವಷ್ಟು ಬೇಡ.

ಈ ವರ್ಷವೂ ಕಂದೂರಿ ಇದೆ. ಹೋದ ವಾರ ಕಾಕಾಗೆ ಹೇಳಿದೆ: "ಹುಡುಗ ನೀರು ಹೊರ್ತಾನ, ಒಲಿ ಮುಂದ ಕೂಡ್ತಾನ, ಕಡೀಗೆ ಭಾಂಡಿ ತಿಕ್ಕತಾನ. ಕಾಲು ಹಿಡಿಯಾಕ ಮಾತ್ರ ಅವನ ಕರೀಬ್ಯಾಡ್ರಿ. ಯಾಕ ಅಂತನೂ ಕೇಳಬ್ಯಾಡ್ರಿ." ಕಾಕಾ ಇನ್ನೂ ಹೂಂ ಅಂದಿಲ್ಲ.